ಒಂದು ಚಿಪ್ಪು ನೀರು

ಹಡಗಿನ ಪಕ್ಕೆಯಲ್ಲಿದ್ದ ಸಣ್ಣ ಬಾಗಿಲಿಗೆ ಬಂದು ನಿಂತ ದುರುಗಣ್ಣ ಕೆಳಗೆ ನೋಡಿದವನೇ ಎರಡು ಹೆಜ್ಜೆ ಹಿಂದೆ ಸರಿದ. ಕೆಳಗೆ ಕಾದಿದ್ದ ದೋಣಿ ಒಂದು ಗಳಿಗೆ ಅವನ ಪಾದದ ಮಟ್ಟಕ್ಕೆ ಏರಿ ಬರುತ್ತಿತ್ತು, ಮರುಗಳಿಗೆ ಹಗ್ಗ ಬಿಟ್ಟ ಕೊಡದ ಹಾಗೆ ಆಳಕ್ಕೆ ಇಳಿದುಬಿಡುತ್ತಿತ್ತು. ಅದು ಮೇಲೆ ಬಂದ ಗಳಿಗೆಯಲ್ಲಿ ಹೆಜ್ಜೆ ಇಡಬೇಕು, ಅಷ್ಟೇ ಕೆಲಸ. ಹೆಂಗಸರು, ವಯಸ್ಸಾದವರು ಎಲ್ಲ ಆಗಲೇ ಇಳಿದಾಗಿತ್ತು. ದುರುಗಣ್ಣನ ಕಾಲು ಮಾತ್ರ ಅವನ ಮಾತು ಕೇಳಲೊಲ್ಲದು.

"ಲೇ ಮೌಲಾ, ನಾ ಇಲ್ಲೇ ಇರ್ತೀನಿ. ನೀವು ನೋಡಿಕೊಂಡು ಬರ್ರಿ. ಹೆಂಗೈತಿ ಅಂತ ಆಮ್ಯಾಲೆ ಹೇಳಿದ್ರ ಸಾಕು."

ಮೌಲಾಸಾಬ್ ತನ್ನ ಕ್ಯಾನ್ವಾಸ್ ಚೀಲವನ್ನು ದೋಣಿಯವನ ಕೈಗೆ ದಾಟಿಸಿ, ದುರುಗಣ್ಣನ ರಟ್ಟೆ ಹಿಡಿದು, ದೋಣಿ ಮೇಲೆ ಬಂದ ಹೊತ್ತಿಗೆ ಸರಿಯಾಗಿ ಅವನನ್ನೂ ಎಳೆದುಕೊಂಡು ಇಳಿದ. ಏರಿ ಇಳಿಯುವ ವಸ್ತುವಿನ ಲೆಕ್ಕ ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ; ಮೂವತ್ತು ವರ್ಷ ಪಿಸ್ಟನ್ನಿನ ಜೊತೆ ಬಾಳಿದವನು. ಅವರ ಹಿಂದೆ ಗಾದೆಪ್ಪ ಮೇಷ್ಟ್ರು ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು, ಗುಡಿಯೊಳಗೆ ಕಾಲಿಡುವವರ ಹಾಗೆ, ಬರಿಗಾಲಲ್ಲಿ ಇಳಿದರು.

ಮೂವರೂ ಹಗರಿಬೊಮ್ಮನಹಳ್ಳಿ ಕಡೆಯವರು. ದುರುಗಣ್ಣನದು ಸ್ಟೇಷನ್ ರಸ್ತೆಯಲ್ಲಿ ಪಂಪ್‌ಸೆಟ್ಟಿನ ಅಂಗಡಿ. ಎಂಬತ್ತೈದನೇ ಇಸವಿಯಲ್ಲಿ ಜಿಲ್ಲೆಗೇ ಹೆಚ್ಚು ಪಂಪು ಮಾರಿದವನೆಂದು ಕಂಪನಿಯವರು ಅವನಿಗೆ ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಹೋಗಿಬರುವ ಹಡಗಿನ ಮೂರು ಟಿಕೆಟ್ಟು ಬಹುಮಾನ ಕೊಟ್ಟರು. ಹೆಂಡತಿ ಪಕ್ಕೀರಮ್ಮ ನೀರಿನ ಮೇಲೆ ಮಲಗುವುದು ತನ್ನ ಕೈಲಾಗದು ಎಂದಳು. ಹಾಗಾಗಿ ಟಿಕೆಟ್ಟು ಗೆಳೆಯರ ಪಾಲಾಯಿತು. ಪಂಪು ಮಾರಿದವನು ದುರುಗಣ್ಣನಾದರೂ ಅವು ನೀರು ಎತ್ತುವಂತೆ ಮಾಡಿದವನು ಮೌಲಾಸಾಬ್. ಕೂಡ್ಲಿಗಿಯ ಕಲ್ಲುಬಾವಿಯಿಂದ ಹಡಗಲಿಯ ಹೊಳೆದಂಡೆಯವರೆಗೆ ಅವನು ಇಳಿಯದ ಬಾವಿ ಇರಲಿಲ್ಲ. ಪೈಪಿನಲ್ಲಿ ನೀರು ಬೀಳದೆ ಮೌಲಾಸಾಬ್ ಊಟಕ್ಕೆ ಕೂರುವುದಿಲ್ಲ ಎಂದು ರೈತರು ಹೇಳುತ್ತಿದ್ದರು, ಅವನ ಹೆಮ್ಮೆಯೂ ಅದೇ ಆಗಿತ್ತು.

ಇನ್ನು ಗಾದೆಪ್ಪ ಮೇಷ್ಟ್ರು. ಹಿರೇಹಡಗಲಿಯ ಶಾಲೆಯಲ್ಲಿ ಭೂಗೋಳ ಕಲಿಸುವವರು. "ನಾಲ್ಕೂ ಕಡೆ ನೀರಿನಿಂದ ಆವೃತವಾದ ಭೂಭಾಗವೇ ದ್ವೀಪ" ಎಂದು ಇಪ್ಪತ್ತೆರಡು ವರ್ಷ ಬೋರ್ಡಿನ ಮೇಲೆ ಬರೆದಿದ್ದರು. ಸಮುದ್ರ ನೋಡಿದ್ದು ಮಾತ್ರ ಮೊನ್ನೆ, ಕೊಚ್ಚಿಯಲ್ಲಿ.

ಹೊರಡುವ ದಿನ ಮೌಲಾಸಾಬನ ಹೆಂಡತಿ ಶರ್ಫುನ್ನೀಸಾ, ನಟ್ಟು ತಿರುವುವ ಪಾನಾ, ಇಕ್ಕಳ ಇದ್ದ ಚೀಲವನ್ನು ಮನೆಯಲ್ಲೇ ಬಿಟ್ಟು ಹೋಗಲು ಎರಡು ಸಲ ಹೇಳಿದ್ದಳು. ಸಮುದ್ರದ ಮೇಲೆ ಯಾರ ಎಂಜಿನ್ನು ಬಿಚ್ಚುತ್ತೀರಿ ಎಂದು ನಕ್ಕಿದ್ದಳು. ಅವನು ಹೂಂ ಎಂದು ಚೀಲವನ್ನು ಲುಂಗಿಯಲ್ಲಿ ಸುತ್ತಿ ತಂದೇಬಿಟ್ಟಿದ್ದ. ಹೆಂಡತಿಯ ಮಾತು ಕೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ದೋಣಿ ಹವಳದ ದಿಬ್ಬವನ್ನು ದಾಟಿ ಒಳಗೆ ಬಂದದ್ದೇ ತಡ, ನೀರು ಬೇರೆಯೇ ಆಯಿತು. ಹೊರಗೆ ಮಸಿಯಂಥ ನೀಲಿ ಇದ್ದದ್ದು ಒಳಗೆ ಎಳೆಯ ಹಸಿರಿಗೆ ತಿರುಗಿ, ಎರಡಾಳು ಕೆಳಗೆ ಬಿಳಿ ಮರಳಿನ ಮೇಲೆ ದೋಣಿಯ ನೆರಳು ತಮ್ಮ ಜೊತೆಗೇ ಓಡುತ್ತಿರುವುದು ಕಾಣತೊಡಗಿತು. ನೆರಳಿನ ಅಡಿಯಿಂದ ಹಳದಿ ಪಟ್ಟೆಯ ಮೀನುಗಳು ಹಿಂಡಾಗಿ ಹೊರಬಂದು ಮತ್ತೆ ಒಳಗೆ ಹೋದವು. ದುರುಗಣ್ಣನ ಬಾಯಿ ತೆರೆದದ್ದು ತೆರೆದಂತೆಯೇ ಇತ್ತು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡರು, ಏನೂ ಪಾಠ ಹೇಳಲಿಲ್ಲ. ಮೌಲಾಸಾಬ್ ದೋಣಿಯ ಅಂಚಿಗೆ ಬಾಗಿ ಕೈ ಅದ್ದಿದ. ಬೊಗಸೆಯಲ್ಲಿ ಬಣ್ಣವೇ ಇರಲಿಲ್ಲ, ತುಟಿಗೆ ತಾಗಿಸಿದರೆ ಬರೀ ಉಪ್ಪು. ಇಷ್ಟು ನೀರು ಕೊಟ್ಟು ಒಂದು ಗುಟುಕೂ ಕುಡಿಯಲು ಬಾರದಂತೆ ಮಾಡಿದ್ದಾನಲ್ಲ ಎಂದು ಅವನಿಗೆ ನಿಜವಾಗಿ ಸಂಕಟವಾಯಿತು.

ಸಂಜೆ ನಾಲ್ಕೂವರೆಗೆ ಕೊನೆಯ ದೋಣಿ, ಅದು ತಪ್ಪಿದರೆ ಹಡಗು ಕಾಯುವುದಿಲ್ಲ ಎಂದು ಕರೆದುಕೊಂಡು ಬಂದವರು ಮೂರು ಭಾಷೆಯಲ್ಲಿ ಹೇಳಿದರು. ಉಳಿದವರೆಲ್ಲ ದಂಡೆಯಲ್ಲೇ ನೀರಾಟಕ್ಕೆ ಇಳಿದರು. ಮೇಷ್ಟ್ರು ತಮಗೊಂದು ಕೆಲಸವಿದೆ ಎಂದು ಹೊರಟರು. ದ್ವೀಪದ ಸುತ್ತ ನಡೆದು ನಾಲ್ಕೂ ಕಡೆ ನೀರು ಇದೆಯೋ ಇಲ್ಲವೋ ಕಣ್ಣಾರೆ ನೋಡಿಯೇ ಬರುತ್ತಾರಂತೆ. ದುರುಗಣ್ಣ ನಕ್ಕ. ಮೇಷ್ಟ್ರು ನಗಲಿಲ್ಲ, ಪಂಚೆ ಎತ್ತಿ ಕಟ್ಟಿ ನಡೆದೇ ಹೋದರು.

ಮೌಲಾಸಾಬ್ ಮತ್ತು ದುರುಗಣ್ಣ ತೆಂಗಿನ ಮರಗಳ ನಡುವಿನ ಓಣಿ ಹಿಡಿದು ಇಪ್ಪತ್ತು ಹೆಜ್ಜೆ ಹೋಗಿದ್ದರೋ ಇಲ್ಲವೋ, ಒಂದು ಅಂಗಳದಿಂದ ಯಾರೋ ಸಲಾಮ್ ಹೇಳಿದರು. ಮೂವತ್ತರ ಆಸುಪಾಸಿನ ಗಂಡಸು. ಹೆಸರು ಜಮಾಲುದ್ದೀನ. ಮುಂಬೈಯ ಹಡಗುಗಳಲ್ಲಿ ಕೆಲಸ ಮಾಡಿ ಕಲಿತ ಹಿಂದಿ ಅವನದು. ಮೌಲಾಸಾಬನ ಉರ್ದುವಿಗೂ ಅದಕ್ಕೂ ಹೇಗೋ ಹೊಂದಿಕೆಯಾಯಿತು. ಒಳಗೆ ಹೆಂಡತಿ ಹೆತ್ತು ಎಂಟು ದಿನವಾಗಿತ್ತು, ಹೆಣ್ಣುಕೂಸು. ಮನೆ ಅತ್ತೆಯದು. ಅತ್ತೆ ಹಾಜಿರಾ ಬೀ ತಲೆಯ ಮೇಲೆ ಬಿಳಿ ಬಟ್ಟೆ ಹೊದ್ದುಕೊಂಡು ಬಂದು, ಹಿಂದಿ ಬಾರದ್ದಕ್ಕೆ ನಗುವನ್ನೇ ಕೊಟ್ಟು, ಒಂದು ತಂಬಿಗೆ ನೀರು ಮತ್ತು ಲೋಟ ಇಟ್ಟಳು.

ನಮ್ಮ ಕಡೆ ಯಾರು ನೀರು ಕೊಟ್ಟರೂ ಮೊದಲು ಲೋಟಕ್ಕೆ ಇಷ್ಟು ಹಾಕಿ, ಒಂದು ಸುತ್ತು ತಿರುಗಿಸಿ, ಚೆಲ್ಲಿ, ಆಮೇಲೆ ಕುಡಿಯುವುದು ರೂಢಿ. ಕೊಟ್ಟವರೂ ಅದನ್ನು ತಪ್ಪು ತಿಳಿಯುವುದಿಲ್ಲ. ಮೌಲಾಸಾಬ್ ಹಾಗೆಯೇ ಮಾಡಿದ. ದುರುಗಣ್ಣನೂ ಮಾಡಿದ. ಮರಳಿನ ಮೇಲೆ ಬಿದ್ದ ಎರಡು ಒದ್ದೆ ಕಲೆಗಳನ್ನು ಹಾಜಿರಾ ಬೀ ಸ್ವಲ್ಪ ಹೊತ್ತು ನೋಡಿದಳು. ಕಲೆಗಳು ಕೂಡಲೇ ಆರಿದವು.

ನೀರು ಬಾಯಿಗೆ ಹೋದದ್ದೇ ಮೌಲಾಸಾಬ್ ನಿಂತುಬಿಟ್ಟ. ಹಡಗಿನ ನೀರು ಎರಡು ದಿನದಿಂದ ಕಬ್ಬಿಣ ನೆಕ್ಕಿದ ಹಾಗಿತ್ತು. ಇದು ಸಿಹಿ. ತಂಪು.

"ಮೀಠಾ," ಎಂದ. "ಮೀಠಾ ಪಾನಿ. ಎಲ್ಲಿಯದು?"

ಜಮಾಲುದ್ದೀನ ಅಂಗಳದ ಮೂಲೆಗೆ ಕೈ ತೋರಿಸಿದ. ಅಲ್ಲಿ ಹವಳದ ಕಲ್ಲು ಸುತ್ತ ಜೋಡಿಸಿದ ಒಂದು ಗುಂಡಿ. ಸಮುದ್ರ ಅಲ್ಲಿಂದ ನಲವತ್ತು ಹೆಜ್ಜೆ ಇರಬಹುದು, ಅಲೆ ಒಡೆಯುವ ಸದ್ದು ಕೇಳುತ್ತಿತ್ತು. ಮೌಲಾಸಾಬ್ ಹೋಗಿ ಬಗ್ಗಿ ನೋಡಿದ. ಐದಡಿ ಕೆಳಗೆ ನೀರು. ಅದಕ್ಕೆ ಹಗ್ಗವಿಲ್ಲ, ಗಡಗಡಿಯಿಲ್ಲ. ಉದ್ದನೆಯ ಕೋಲಿನ ತುದಿಗೆ ತೆಂಗಿನ ಚಿಪ್ಪು ಕಟ್ಟಿತ್ತು, ಅದರಲ್ಲೇ ಎತ್ತಿಕೊಳ್ಳುವುದು. ಅವನು ಹೊಟ್ಟೆಯ ಮೇಲೆ ಮಲಗಿ ಚಿಪ್ಪಿನಿಂದ ಎತ್ತಿ ಮತ್ತೆ ಕುಡಿದ. ಹೌದು, ಸಿಹಿಯೇ.

"ದುರುಗಾ, ಬಾರಲೇ ಇಲ್ಲಿ. ಮರಳಿನ್ಯಾಗ ಐದಡಿ. ನಾಕೂ ಕಡೆ ಉಪ್ಪು, ನಡುವ ಇದು." ಅವನು ಇನ್ನೊಂದು ಚಿಪ್ಪು ಎತ್ತಿ ಗೆಳೆಯನ ಕಡೆ ಚಾಚಿದ. "ಕೂಡ್ಲಿಗ್ಯಾಗ ಬೊಮ್ಮಪ್ಪನ ಬಾವಿ ತೊಂಬತ್ತಡಿ ಇಳಿದೀವಿ. ಮದ್ದು ಹಾಕಿ ಬಂಡೆಗಲ್ಲು ಒಡೆದೀವಿ. ಬೆರಳಿನಷ್ಟು ಸೆಲಿ ಬಂದದ್ದಕ್ಕ ಊರಿಗೆಲ್ಲ ಬೆಲ್ಲ ಹಂಚಿದ್ರು."

ದುರುಗಣ್ಣನಿಗೂ ನಂಬಿಕೆಯಾಗದೆ ತಾನೂ ಒಂದು ಚಿಪ್ಪು ಕುಡಿದು, ಸಮುದ್ರದ ಕಡೆ ಒಂದು ಸಲ, ಬಾವಿಯ ಕಡೆ ಒಂದು ಸಲ ನೋಡಿದ.

ಬಾವಿಯ ಪಕ್ಕದಲ್ಲಿ ಗೋಣಿತಟ್ಟು ಮುಚ್ಚಿದ ಒಂದು ಸಣ್ಣ ಪಂಪು ಇತ್ತು. ಸೀಮೆಎಣ್ಣೆಯದು. ಅತ್ತೆಗೆ ನಡು ನೋವು, ಬಾಣಂತಿ ಮನೆಗೆ ದಿನವಿಡೀ ಬಗ್ಗಿ ನೀರು ಎತ್ತುತ್ತಾಳೆಂದು ಜಮಾಲುದ್ದೀನ ಕೊಚ್ಚಿಯಿಂದ ತಂದಿದ್ದನಂತೆ. ಎರಡು ಹನಿ ಕಕ್ಕಿ ನಿಂತುಹೋಗುತ್ತದೆ, ಇಲ್ಲಿ ನೋಡುವವರಿಲ್ಲ ಎಂದ. ಮೌಲಾಸಾಬನ ಮುಖ ನೋಡಿದ ದುರುಗಣ್ಣನಿಗೆ ಇನ್ನು ಸಮುದ್ರಸ್ನಾನ ಇಲ್ಲವೆಂದು ಗೊತ್ತಾಗಿಹೋಯಿತು. ಸುತ್ತಿದ್ದ ಲುಂಗಿ ಬಿಚ್ಚಿ ಪಾನಾದ ಚೀಲ ಹೊರಗೆ ಬಂತು.

ಕಾಯಿಲೆ ದೊಡ್ಡದೇನಲ್ಲ. ನೀರಿನಲ್ಲಿ ಮುಳುಗಿರುವ ಪೈಪಿನ ತುದಿಯ ಫುಟ್‌ವಾಲಿನ ಚರ್ಮ ಹರಿದಿತ್ತು. ಚೀಲದ ಚರ್ಮದ ಪಟ್ಟಿಯಿಂದಲೇ ಒಂದು ತುಂಡು ಕತ್ತರಿಸಿ, ಎಣ್ಣೆ ತಿಕ್ಕಿ ಕೂರಿಸಿದ. ಎಂಜಿನ್ನು ಹಿಡಿಯಿತು, ಆದರೆ ನೀರಿನ ಜೊತೆ ಗಾಳಿ ಎಳೆಯತೊಡಗಿತು. ಬಾವಿಯಲ್ಲಿದ್ದದ್ದು ಮೊಣಕಾಲುದ್ದ ನೀರು. ಫುಟ್‌ವಾಲು ಮುಳುಗಲು ಅದು ಸಾಲದು. ಇದಕ್ಕೆ ನಮ್ಮ ಕಡೆಯ ಎಲ್ಲ ತಾಲೂಕಿನಲ್ಲೂ ಇರುವುದು ಒಂದೇ ಮದ್ದು, ಇನ್ನಷ್ಟು ಆಳ ಮಾಡುವುದು. ಮೌಲಾಸಾಬ್ ಲುಂಗಿ ಮೇಲಕ್ಕೆ ಕಟ್ಟಿ ಬಾವಿಗೆ ಇಳಿದ. ಕಲ್ಲಿಲ್ಲ, ಮದ್ದಿಲ್ಲ, ಬರೀ ಮರಳು. ಬುಟ್ಟಿಯಲ್ಲಿ ಬಗೆಬಗೆದು ಮೇಲೆ ಕೊಟ್ಟ, ದುರುಗಣ್ಣ ಇಸಕೊಂಡು ಸುರಿದ.

ಆಗಲೇ ಹಾಜಿರಾ ಬೀ ಬಾವಿಯ ಹತ್ತಿರ ಬಂದು ಏನೋ ಹೇಳಿದಳು. ಅಳಿಯ ಏನೋ ಉತ್ತರ ಕೊಟ್ಟ. ಅವಳು ಮತ್ತೆ ಹೇಳಿದಳು, ಈ ಸಲ ಬಾವಿಯೊಳಗಿದ್ದ ಮೌಲಾಸಾಬನನ್ನೇ ನೋಡಿ. ಅವನು ಏನೆಂದು ಕೇಳಲಿಲ್ಲ. ಬಾವಿಗೆ ಇಳಿದಾಗಲೆಲ್ಲ ಮೇಲೆ ಯಾರಾದರೊಬ್ಬಳು ಮುದುಕಿ ನಿಂತು ಬೇಡ ಎನ್ನುವುದು ಅವನಿಗೆ ಹೊಸದಲ್ಲ. ನೀರು ಬಿದ್ದ ಮೇಲೆ ಅವರೇ ಬಂದು ತಲೆ ಸವರುತ್ತಾರೆ. ಎರಡು ಮೊಳ ತೋಡಿ, ಫುಟ್‌ವಾಲನ್ನು ಗುಂಡಿಯೊಳಗೆ ಇಳಿಸಿ ಮೇಲೆ ಬಂದು ಎಂಜಿನ್ನಿನ ಹಗ್ಗ ಎಳೆದ.

ಪಂಪು ಒಂದು ಸಲ ಕೆಮ್ಮಿ, ಪೈಪಿನ ಬಾಯಿ ತುಂಬ ನೀರು ಹೊಡೆಯಿತು.

ಬಾವಿ ರಿಪೇರಿಯಾದ ದಿನ ಅದನ್ನು ಪೂರ್ತಿ ಬತ್ತಿಸಿ, ತಳ ಕಂಡ ಮೇಲೆ ಸೆಲೆ ಎಲ್ಲಿಂದ ಎಷ್ಟು ಬರುತ್ತದೆ ನೋಡಿಯೇ ಬಿಡುವುದು ಮೌಲಾಸಾಬನ ಕ್ರಮ. ಗಡಿಯಾರ ನೋಡಿಕೊಂಡ. ಈ ಗುಂಡಿಗೆ ಹತ್ತು ನಿಮಿಷ ಹೆಚ್ಚು ಎಂದುಕೊಂಡ. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ನೀರು ಒಂದು ಬೆರಳಿನಷ್ಟೂ ಇಳಿಯಲಿಲ್ಲ. ಅವನು ಎಂಜಿನ್ನಿನ ವೇಗ ಪೂರ್ತಿ ಹೆಚ್ಚಿಸಿದ. ಅರ್ಧ ಗಂಟೆ ಕಳೆಯಿತು. ಬಾವಿ ಇದ್ದ ಹಾಗೆಯೇ ಇತ್ತು. ಮೂವತ್ತು ವರ್ಷದಲ್ಲಿ ಅವನು ಸೋಲಿಸಲಾಗದ ಬಾವಿ ಇದೊಂದೇ. ಅವನ ಕಣ್ಣಲ್ಲಿ ನೀರು ಬಂತು, ಅದನ್ನು ಒರೆಸಿಕೊಳ್ಳಲೂ ಇಲ್ಲ. ಇದನ್ನು ತೋಡಿದವರು ಮನುಷ್ಯರಿರಬಹುದು, ತುಂಬಿಸುತ್ತಿರುವವನು ಬೇರೆ ಎಂದು ದುರುಗಣ್ಣನಿಗೆ ಹೇಳಿದ.

ದುರುಗಣ್ಣ ಆಗಲೇ ಅಂಗಿ ಕಳಚಿ ಪೈಪಿನ ಕೆಳಗೆ ಕೂತಿದ್ದ. ಹಡಗಿನ ಉಪ್ಪುನೀರಿನ ಸ್ನಾನದಿಂದ ಮೈಯೆಲ್ಲ ತುರಿಸುತ್ತಿತ್ತಂತೆ. ಸೋಪು ಹಚ್ಚಿ, ತಲೆಗೂ ಹಚ್ಚಿ, ಹಿಗ್ಗಿನಿಂದ ಏನೋ ಗುನುಗುತ್ತಿದ್ದ. ನೀರು ಅಂಗಳದಲ್ಲಿ ಹರಿದು, ತೆಂಗಿನ ಬುಡ ತುಂಬಿ, ಓಣಿಗೆ ಹೋಗಿ, ಮರಳಲ್ಲಿ ಮಾಯವಾಗುತ್ತಿತ್ತು. ಅಕ್ಕಪಕ್ಕದ ಮನೆಗಳಿಂದ ಹೆಂಗಸರು, ಗಂಡಸರು ಬಂದು ಬೇಲಿಯ ಆಚೆ ಸಾಲಾಗಿ ನಿಂತರು.  ಮೌಲಾಸಾಬ್ ಅವರಿಗೆಲ್ಲ ನಕ್ಕು ಸಲಾಮ್ ಮಾಡಿದ. ತಮ್ಮ ಕೆಲಸ ನೋಡಿ ಬೆರಗಾಗಿ ನಿಂತಿದ್ದಾರೆ ಎಂದೇ ಅವನು ತಿಳಿದ. ಊರಿಗೆ ಬಂದ ಅತಿಥಿಯ ಕೈ ಹಿಡಿದು ತಡೆಯುವುದು ಹೇಗೆಂದು ತಿಳಿಯದೆ ನಿಂತಿದ್ದಾರೆಂದು ಅವನಿಗೆ ಹೇಗೆ ಗೊತ್ತಾಗಬೇಕು?

ಪಂಪು ಶುರುವಾಗಿ ಒಂದು ಗಂಟೆ ದಾಟಿತ್ತು. ದುರುಗಣ್ಣ ಬಾಯಿಗೆ ಹೋದ ನೀರನ್ನು ಥೂ ಎಂದು ಉಗುಳಿದ.

"ಲೇ, ಉಪ್ಪೈತಿ."

"ಸೋಪು ಹೋಗೈತಿ ಬಾಯಾಗ," ಎಂದ ಮೌಲಾಸಾಬ್.

"ಸೋಪಿನ ರುಚಿ ನಂಗೊತ್ತಿಲ್ಲೇನು? ನೋಡು ಬಾ."

ಮೌಲಾಸಾಬ್ ಪೈಪಿಗೆ ಬೊಗಸೆ ಒಡ್ಡಿ ಬಾಯಿಗೆ ಹಾಕಿಕೊಂಡ. ನಾಲಿಗೆ ಅದನ್ನು ಒಪ್ಪಿಕೊಳ್ಳಲಿಲ್ಲ. ಇನ್ನೊಂದು ಸಲ ಹಾಕಿಕೊಂಡ. ಬೆಳಗ್ಗೆ ದೋಣಿಯಿಂದ ಕೈ ಅದ್ದಿದಾಗ ತುಟಿಗೆ ತಾಕಿದ ಅದೇ ಉಪ್ಪು.  ಓಡಿ ಎಂಜಿನ್ನು ನಿಲ್ಲಿಸಿದ. ಅದು ನಿಂತ ಮೇಲೆ ಅಲೆಗಳ ಸದ್ದು ಮತ್ತು ಒಳಗಿನ ಕೂಸಿನ ಅಳು ಎರಡೇ ಉಳಿದವು.

ಜಮಾಲುದ್ದೀನ ತಲೆ ಎತ್ತದೆ ಹೇಳಿದ. ಇಲ್ಲಿ ಸೆಲೆ ಎನ್ನುವುದು ಇಲ್ಲ. ಮಳೆಯ ನೀರು ಮರಳಲ್ಲಿ ಇಂಗಿ ಕೆಳಗೆ ಹೋಗಿ, ಸಮುದ್ರದ ನೀರಿನ ಮೇಲೆಯೇ ಹಾಲಿನ ಮೇಲಿನ ಕೆನೆಯ ಹಾಗೆ ಕೂತಿರುತ್ತದೆ. ಕೆನೆಯನ್ನು ಮೇಲಿಂದ ಚಿಪ್ಪಿನಲ್ಲಿ ಎತ್ತಿಕೊಳ್ಳಬೇಕು. ಎಳೆಯಬಾರದು. ಆಳಕ್ಕೆ ಹೋಗಲೇಬಾರದು. ಅತ್ತೆ ಅದನ್ನೇ ಹೇಳಿದ್ದು. ನನಗೂ ಅದರಲ್ಲಿ ಪೂರ್ತಿ ನಂಬಿಕೆಯಿರಲಿಲ್ಲ, ಹಡಗಿನಲ್ಲಿ ಎಂಜಿನ್ನು ನೋಡಿ ಬಂದವನು, ಹಳೆಯ ಮಾತು ಎಂದುಕೊಂಡೆ ಎಂದ.

ಬಾವಿಯ ನೀರು ಇಳಿಯದೆ ನಿಂತದ್ದು ಯಾಕೆಂದು ಈಗ ಮೌಲಾಸಾಬನಿಗೆ ಅರ್ಥವಾಯಿತು. ಅವನು ಒಂದು ಗಂಟೆ ಹೊತ್ತು ಸಮುದ್ರವನ್ನು ಬತ್ತಿಸಲು ಹೊರಟಿದ್ದ.

"ಮತ್ತೆ ಸಿಹಿಯಾಗುತ್ತದಾ?" ಎಂದು ಕೇಳಿದ.

ಎರಡು ದಿನಕ್ಕೆ ಆದದ್ದೂ ಇದೆ ಎಂದ ಜಮಾಲುದ್ದೀನ. ಆಮೇಲೆ, ಕೇಳಿದವನಿಗೆ ಸುಳ್ಳು ಹೇಳಬಾರದೆಂದೋ ಏನೋ, ಓಣಿಯ ಕೊನೆಯ ಬಾವಿಯ ಸಂಗತಿಯನ್ನೂ ಹೇಳಿದ. ಅತ್ತೆಯ ತಾಯಿಯ ಕಾಲದಲ್ಲಿ ಯಾರೋ ಅದನ್ನು ಆಳ ಮಾಡಿದರಂತೆ. ಅದರಲ್ಲಿ ಇವತ್ತಿಗೂ ಮೀನಿನ ಬಲೆ ತೊಳೆಯುತ್ತಾರೆ. ಮಳೆ ಬರಲು ಇನ್ನೂ ಐದು ತಿಂಗಳಿತ್ತು.

ಮೌಲಾಸಾಬ್ ಮತ್ತೆ ಬಾವಿಗೆ ಇಳಿದ. ಈ ಸಲ ತೋಡಲಿಕ್ಕಲ್ಲ. ಮೇಲೆ ಸುರಿದಿದ್ದ ಮರಳನ್ನೆಲ್ಲ ಬುಟ್ಟಿಬುಟ್ಟಿಯಾಗಿ ತರಿಸಿ, ನೀರು ಕಲಕದಂತೆ ಕೈಯಿಂದ ಗುಂಡಿಗೆ ತುಂಬಿ, ಅಂಗೈಯಲ್ಲಿ ಒತ್ತಿದ. ದುರುಗಣ್ಣ ಮೈ ಒರೆಸಿಕೊಳ್ಳದೆ, ಕಿವಿಯ ಹಿಂದಿನ ಸೋಪಿನ ನೊರೆ ಹಾಗೇ ಒಣಗಿಸಿಕೊಂಡು ಮರಳು ಹೊತ್ತ. ಗೋಣಿತಟ್ಟನ್ನು ಪಂಪಿನ ಮೇಲೆ ಮತ್ತೆ ಹೊದಿಸಿದವನೂ ಅವನೇ.

ಬೇಲಿಯ ಆಚೆ ನಿಂತಿದ್ದವರು ಒಬ್ಬೊಬ್ಬರೇ ಹೊರಟುಹೋದರು. ಬೈಯಲು ಜನ ಕರೆದುಕೊಂಡು ಬರುತ್ತಾರೆ ಎಂದುಕೊಂಡ ಮೌಲಾಸಾಬ್; ಬೈದಿದ್ದರೆ ಅವನಿಗೂ ಹಗುರಾಗುತ್ತಿತ್ತು. ಸ್ವಲ್ಪ ಹೊತ್ತಿಗೆ ಹೆಂಗಸರು ಒಬ್ಬೊಬ್ಬರೂ ಒಂದೊಂದು ಪಾತ್ರೆ ನೀರು ತಂದು ಹಾಜಿರಾ ಬೀಯ ಜಗಲಿಯ ಮೇಲೆ ಇಟ್ಟು, ಬಂದ ಹಾಗೆಯೇ ಹೋದರು. ಅದರಲ್ಲಿ ಕೂಸಿಗೆ ಸ್ನಾನವಾಯಿತು. ಕೂಸು ಅಳು ನಿಲ್ಲಿಸಿತು.

ಮಧ್ಯಾಹ್ನ ಹಾಜಿರಾ ಬೀ ಅವರಿಬ್ಬರಿಗೂ ಊಟಕ್ಕೆ ಇಟ್ಟಳು. ಅನ್ನ, ಮೀನು, ತೆಂಗಿನ ಹಾಲು ಹಾಕಿದ ಸಾರು. ಪೈಪಿನಲ್ಲಿ ನೀರು ಬೀಳದೆ ಊಟಕ್ಕೆ ಕೂರದ ಮೌಲಾಸಾಬ್ ಆ ದಿನ ತಲೆ ತಗ್ಗಿಸಿ ಎರಡು ತುತ್ತು ತಿಂದ. ಊಟದ ಜೊತೆ ಬೆಳಗ್ಗೆಯೇ ತುಂಬಿಟ್ಟಿದ್ದ ಮಡಕೆಯಿಂದ ನೀರು ಬಂತು. ಬಾವಿಯಿಂದ ಬಂದ ಕೊನೆಯ ಸಿಹಿ ನೀರು ಅದು. ಅವನು ಅದನ್ನು ಮುಟ್ಟಲಿಲ್ಲ. ಹಾಜಿರಾ ಬೀ ಲೋಟವನ್ನು ಅವನ ಕಡೆ ಸರಿಸಿದಳು, ಅವನು ಹಿಂದಕ್ಕೆ ಸರಿಸಿದ. ಅವಳು ಅದನ್ನು ಮಡಕೆಗೇ ಸುರಿದು ಮುಚ್ಚಳ ಮುಚ್ಚಿದಳು.

ಎರಡು ಗಂಟೆಯ ಹೊತ್ತಿಗೆ ಗಾದೆಪ್ಪ ಮೇಷ್ಟ್ರು ಬಂದರು. ಮುಖ ಕೆಂಡವಾಗಿತ್ತು, ಪಂಚೆಯ ಅಂಚಿನ ತುಂಬ ಮರಳು. ಆದರೆ ಕಣ್ಣು ಹೊಳೆಯುತ್ತಿತ್ತು. ಮೂರೂವರೆ ತಾಸಿನಲ್ಲಿ ಇಡೀ ಸುತ್ತು ಮುಗಿಯಿತು, ಹೊರಟ ಜಾಗಕ್ಕೇ ಬಂದು ನಿಂತೆ, ಎಲ್ಲೂ ನೀರು ತಪ್ಪಲಿಲ್ಲ ಎಂದು ಹೇಳತೊಡಗಿದರು. ಇಷ್ಟು ವರ್ಷ ಬರೆದದ್ದು ನಿಜವಿತ್ತು ಎಂದರು. ಆಮೇಲೆ ಗೆಳೆಯರ ಮುಖ ನೋಡಿ ಏನಾಯಿತೆಂದು ಕೇಳಿದರು. ದುರುಗಣ್ಣ ಹೇಳಿದ.

ಮೇಷ್ಟ್ರು ಬಾವಿಯ ಹತ್ತಿರ ಹೋಗಿ ಬಹಳ ಹೊತ್ತು ಬಗ್ಗಿ ನೋಡಿದರು.

"ನಾಕು ಕಡಿ ಅಲ್ಲಪಾ," ಎಂದರು ಕೊನೆಗೆ. "ಐದು. ಕೆಳಗೂ ಐತಿ. ಪುಸ್ತಕದಾಗ ಅದನ್ನ ಬರೆದಿಲ್ಲ ನೋಡು."

ಮೂವರೂ ಬಾವಿಯ ಸುತ್ತ ಕೂತರು. ತಾವು ಕೂತಿದ್ದು ನೆಲದ ಮೇಲಲ್ಲ, ಉಪ್ಪಿನ ಮೇಲೆ ತೇಲುವ ಒಂದು ತೆಳ್ಳನೆಯ ಸಿಹಿಯ ಮೇಲೆ ಎಂಬುದು ಅರಿವಾಗಿ, ಕಾಲು ಎತ್ತಿ ಇಡಲೂ ಭಯವಾಗುವ ಹಾಗಿತ್ತು. ಈ ಮರಗಳು, ಈ ಮನೆಗಳು, ಮಸೀದಿ, ಎಂಟು ದಿನದ ಕೂಸು, ಎಲ್ಲ ಅದರ ಮೇಲೇ ನಿಂತಿದ್ದವು. ಎಷ್ಟು ತಲೆಮಾರಿನಿಂದ ಈ ಜನ ಅದನ್ನು ಚಿಪ್ಪು ಚಿಪ್ಪಾಗಿ ಎತ್ತಿಕೊಂಡು, ಆ ಕೆನೆ ಹರಿಯದ ಹಾಗೆ ಕಾಪಾಡಿಕೊಂಡು ಬಂದಿದ್ದಾರೋ! ತಾನು ಒಂದು ತಾಸಿನಲ್ಲಿ ತೂತು ಮಾಡಿದೆ ಎಂದು ಮೌಲಾಸಾಬ್ ನೆನೆದು ನೆನೆದು ಕುಗ್ಗಿದ.

ಅರ್ಧ ಗಂಟೆಗೊಮ್ಮೆ ಅವನು ಚಿಪ್ಪಿನಲ್ಲಿ ಇಷ್ಟು ನೀರು ಎತ್ತಿ, ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಳ್ಳುತ್ತಿದ್ದ. ಮೂರಕ್ಕೆ ಉಪ್ಪು, ಮೂರೂವರೆಗೆ ಉಪ್ಪು. ಸಮುದ್ರ ಏರತೊಡಗಿದಾಗ ಬಾವಿಯ ನೀರೂ ಅದರ ಜೊತೆಗೆ ಅರ್ಧ ಗೇಣು ಏರಿತು, ಯಾರೋ ಕೆಳಗಿನಿಂದ ಮೆಲ್ಲಗೆ ಎತ್ತಿದ ಹಾಗೆ. ಮೌಲಾಸಾಬನಿಗೆ ಒಂದು ಗಳಿಗೆ ಆಸೆ ಹುಟ್ಟಿತು. ಬೆರಳು ಅದ್ದಿದ. ಉಪ್ಪೇ.

ದಂಡೆಯ ಕಡೆಯಿಂದ ದೋಣಿಯವರ ಸೀಟಿ ಕೇಳಿತು. ಮೇಷ್ಟ್ರು ಎದ್ದರು. ದುರುಗಣ್ಣ ಎದ್ದ. ಮೌಲಾಸಾಬ್ ಏಳಲಿಲ್ಲ.

"ಏಳಲೇ. ಇದು ಕಡೀ ದೋಣಿ."

"ನೀವು ನಡೀರಿ. ಕೆಟ್ಟ ಪಂಪು ಹಂಗೇ ಬಿಟ್ಟು ನಾ ಎಂದರ ಎದ್ದು ಬಂದೀನೇನು? ಇದು ಕೆಡಿಸಿದ ಬಾವಿ ಐತಿ, ನಾನೇ ಕೆಡಿಸಿದ್ದು."

"ಇಲ್ಲಿ ಕುಂತು ಏನ್ ಮಾಡ್ತೀ? ಪಾನಾ ಹಚ್ಚಿ ತಿರುವಿದ್ರ ಸೀ ಆಗ್ತದೇನು?"

 ಅವನ ಚೀಲದಲ್ಲಿದ್ದ ಯಾವ ಪಾನಾವೂ ಇದಕ್ಕೆ ಹೊಂದುತ್ತಿರಲಿಲ್ಲ. ಆದರೂ ಕೂತೇ ಇದ್ದ. ಸೀಟಿ ಎರಡನೆಯ ಸಲ ಕೇಳಿತು.

ಆಗ ಹಾಜಿರಾ ಬೀ ಹೊರಗೆ ಬಂದಳು. ನಡು ಹಿಡಿದುಕೊಂಡು ಮೆಲ್ಲಗೆ ಬಾವಿಯ ಅಂಚಿನಲ್ಲಿ ಕೂತು, ಕೋಲು ತೆಗೆದುಕೊಂಡು, ಚಿಪ್ಪನ್ನು ನೀರಿನ ಮೇಲೆ ಮುಟ್ಟಿತೋ ಇಲ್ಲವೋ ಎನ್ನುವಂತೆ ಇಟ್ಟು, ಓರೆ ಮಾಡಿದಳು. ನೀರು ತಾನಾಗಿ ಚಿಪ್ಪಿನೊಳಗೆ ಬಂತು. ಅಲೆ ಕೂಡ ಏಳಲಿಲ್ಲ. ಮೌಲಾಸಾಬ್ ಆ ಕೈಯನ್ನೇ ನೋಡಿದ. ಅವನು ಮೂವತ್ತು ವರ್ಷದಲ್ಲಿ ನೀರನ್ನು ಹಾಗೆ ಮುಟ್ಟಿದವರನ್ನು ಕಂಡಿರಲಿಲ್ಲ.

ಅವಳು ಚಿಪ್ಪನ್ನು ತುಟಿಗೆ ಇಟ್ಟುಕೊಂಡು ಕುಡಿದಳು. ನಡುವೆ ಒಂದು ಸಲ ಅವಳ ಗಂಟಲು ತಡೆಯಿತು. ಮುಖ ಮಾತ್ರ ಸ್ವಲ್ಪವೂ ಕಿವುಚಲಿಲ್ಲ. ತಳದವರೆಗೂ ಕುಡಿದು, ಚಿಪ್ಪು ಬೋರಲು ಮಾಡಿ ತೋರಿಸಿ, ಬೆಳಗ್ಗೆ ಅವನ ಬಾಯಿಂದಲೇ ಕಲಿತ ಮಾತನ್ನು ಹೇಳಿದಳು.

"ಮೀಠಾ."

ಮೌಲಾಸಾಬ್ ಅವಳ ಕೈಯಿಂದ ಕೋಲು ಇಸಕೊಂಡ. 

ಅವಳ ಹಾಗೆಯೇ ಚಿಪ್ಪನ್ನು ನೀರಿನ ಮೇಲೆ ಇಟ್ಟು, ಓರೆ ಮಾಡಿ, ಬರುವಷ್ಟನ್ನೇ ಎತ್ತಿಕೊಂಡ. ಕುಡಿದ. ಗಂಟಲಿನಿಂದ ಎದೆಯವರೆಗೂ ಉಪ್ಪು ಉರಿಯುತ್ತ ಇಳಿಯಿತು. ಅವನೂ ತಳದವರೆಗೆ ಕುಡಿದ. ಚಿಪ್ಪನ್ನು ಅವಳ ಮುಂದೆ ಇಟ್ಟು ಅವಳನ್ನು ನೋಡಿದ. ಅವಳೂ ನೋಡಿದಳು.

"ಮೀಠಾ," ಎಂದ.

ಹಾಜಿರಾ ಬೀ ತಲೆಯ ಮೇಲಿನ ಬಟ್ಟೆ ಸರಿಪಡಿಸಿಕೊಂಡು ಎದ್ದು, ಅವನ ಚೀಲವನ್ನು ತಾನೇ ಎತ್ತಿ ಅವನ ಹೆಗಲಿಗೆ ಹಾಕಿದಳು. ಕತ್ತರಿಸಿದ ಪಟ್ಟಿಯ ಜಾಗದಲ್ಲಿ ತೆಂಗಿನ ನಾರಿನ ಹಗ್ಗ ಕಟ್ಟಿತ್ತು. ಅದನ್ನು ಯಾವಾಗ ಕಟ್ಟಿದ್ದಳೋ ಅವನು ಗಮನಿಸಿರಲಿಲ್ಲ.

ದೋಣಿ ತಿಳಿ ಹಸಿರಿನ ಮೇಲೆ ಹೊರಟಿತು. ಮರಳಿನ ಮೇಲೆ ದೋಣಿಯ ನೆರಳು ಈಗ ಉದ್ದಕ್ಕೆ ಚಾಚಿ ಅವರಿಗಿಂತ ಮುಂದೆ ಓಡುತ್ತಿತ್ತು. ಯಾರೂ ಅದನ್ನು ನೋಡಲಿಲ್ಲ. ಹವಳದ ದಿಬ್ಬ ದಾಟುವಾಗ ದುರುಗಣ್ಣ ಕೇಳಿದ.

"ಸೀ ಆಗಿತ್ತೇನಲೇ?"

"ಆಕಿ ಆಗೈತಿ ಅಂದ್ಲು," ಎಂದ ಮೌಲಾಸಾಬ್.

ಹಡಗಿನ ಬಾಗಿಲಿಗೆ ದೋಣಿ ಏರಿದಾಗ ಈ ಸಲ ದುರುಗಣ್ಣ ಯಾರ ಕೈಯನ್ನೂ ಹಿಡಿಯದೆ ಹೆಜ್ಜೆ ಇಟ್ಟ. ಮೂವರೂ ಮೇಲೆ ಹೋಗಿ ಕಟಕಟೆಗೆ ಆತು ನಿಂತರು. ದ್ವೀಪ ಒಂದು ಕಪ್ಪು ಗೆರೆಯಾಗಿತ್ತು. ನೀರಿನ ಮಟ್ಟದಿಂದ ಅದು ಒಬ್ಬ ಮನುಷ್ಯನ ಎತ್ತರವೂ ಇರಲಿಲ್ಲ, ಮರಗಳು ನೇರ ಸಮುದ್ರದಿಂದಲೇ ಎದ್ದಂತೆ ಕಾಣುತ್ತಿದ್ದವು. ಅದು ಇನ್ನೂ ಅಲ್ಲಿ ಇದೆಯಲ್ಲ ಎಂದು ಗಾದೆಪ್ಪ ಮೇಷ್ಟ್ರು ತಮ್ಮಷ್ಟಕ್ಕೆ ತಾವೇ ಹೇಳಿಕೊಂಡರು. ಹಡಗು ತಿರುಗಿ, ಎಂಜಿನ್ನಿನ ನಡುಕ ಕಾಲಿಗೆ ತಾಕಿತು.

ಬಾಗಿಲ ಬಳಿ ಕುಡಿಯುವ ನೀರಿನ ಡ್ರಮ್ಮಿತ್ತು. ಬಿಸಿಲಿಗೆ ಬಾಯಾರಿದ್ದ ದುರುಗಣ್ಣ ನಲ್ಲಿ ತಿರುಗಿಸಿ ಲೋಟಕ್ಕೆ ಇಷ್ಟು ನೀರು ಹಿಡಿದು, ಕಟಕಟೆಗೆ ಬಂದು, ಒಂದು ಸುತ್ತು ತಿರುಗಿಸಿ, ಸಮುದ್ರಕ್ಕೆ ಚೆಲ್ಲಲು ಕೈ ಎತ್ತಿದ. ಮೌಲಾಸಾಬ್ ಆ ಕೈ ಹಿಡಿದುಕೊಂಡ. ಲೋಟ ಇಸಕೊಂಡು, ಆ ತೊಳೆದ ನೀರನ್ನು ತಳದವರೆಗೆ ಕುಡಿದು, ಖಾಲಿ ಲೋಟವನ್ನು ದುರುಗಣ್ಣನ ಕೈಗೆ ಕೊಟ್ಟ.